ಚಂದ್ರನಿಗೆ ಬಣ್ಣ ಹಚ್ಚಿದವರು

ಅಕ್ಕನ ಮಗಳು ಆಫೀಸಿನ ಕೆಲಸದ ಮೇಲೆ ಎಂಟು ದಿನ ಪ್ಯಾರಿಸ್ಸಿಗೆ ಹೋಗಿ ಬಂದಳು. ಬರುವಾಗ ನನಗೊಂದು ಸಣ್ಣ ಸೆಂಟಿನ ಬಾಟಲಿ, ನಮ್ಮೆಜಮಾನರಿಗೊಂದು ಚಾಕಲೇಟಿನ ಡಬ್ಬಿ (ಸಕ್ಕರೆ ಕಾಯಿಲೆಯವರಿಗೆ ಚಾಕಲೇಟು ತರುವುದು ಈಗಿನ ಮಕ್ಕಳು ಪ್ರೀತಿ ತೋರಿಸುವ ಕ್ರಮ), ಜೊತೆಗೆ ಒಂದು ಪೋಸ್ಟ್ ಕಾರ್ಡು. ಕಾರ್ಡಿನ ತುಂಬ ಚಂದ್ರನ ಮುಖ. ಆ ಮುಖದ ಒಂದು ಕಣ್ಣಿಗೆ ತೋಪಿನ ಗುಂಡಿನಂಥದ್ದೊಂದು ಬಂದು ನೆಟ್ಟುಕೊಂಡಿದೆ. ನೀವೂ ಎಲ್ಲಾದರೂ ನೋಡಿರುತ್ತೀರಿ. ಅಂಗಿಗಳ ಮೇಲೆ, ಚಹಾದ ಕಪ್ಪುಗಳ ಮೇಲೆ, ಪುಸ್ತಕಗಳ ರಕ್ಷಾಪುಟದ ಮೇಲೆ, ಆ ಪಾಪದ ಚಂದ್ರ ನೂರಿಪ್ಪತ್ತು ವರ್ಷಗಳಿಂದ ಆ ಗುಂಡನ್ನು ಹೊತ್ತುಕೊಂಡೇ ತಿರುಗುತ್ತಿದ್ದಾನೆ.

“ಚಿಕ್ಕಮ್ಮ, ಇದು 1902ರ ಸಿನಿಮಾ, ‘ಚಂದ್ರಲೋಕ ಯಾತ್ರೆ’. ಇದನ್ನ ಮಾಡಿದವನ ಹೆಸರಲ್ಲಿ ಅಲ್ಲಿ ಒಂದು ಮ್ಯೂಸಿಯಂ ಇದೆ. ಜಾರ್ಜ್ ಮೆಲಿಯೆಸ್ ಅಂತ. ಕಥೆ ಅವನದೇ, ನಿರ್ದೇಶನ ಅವನದೇ, ಸೀನರಿ ಅವನದೇ, ಮುಖ್ಯ ಪಾತ್ರವೂ ಅವನದೇ. ಎಲ್ಲಾ ಒಬ್ಬನೇ ಮಾಡಿದ್ದು!” ಎಂದಳು. ಆ ರಾತ್ರಿ ಊಟವಾದ ಮೇಲೆ ಟೀವಿಗೆ ಏನೋ ವೈರು ಸಿಕ್ಕಿಸಿ ಸಿನಿಮಾವನ್ನೇ ತೋರಿಸಿದಳು. ಸುಮಾರು ಹದಿನಾಲ್ಕು ನಿಮಿಷದ್ದು. ಮಾತಿಲ್ಲ. ಆದರೆ ಬಣ್ಣ ಇದೆ! ಕೆಂಪು ಕೋಟು, ಹಳದಿ ಟೋಪಿ, ಹಸಿರು ಚಂದ್ರವಾಸಿಗಳು.

“1902ರಲ್ಲಿ ಬಣ್ಣ ಎಲ್ಲಿಂದ ಬಂತೇ?” ಎಂದೆ.

“ಕೈಯಲ್ಲಿ ಹಾಕಿದ್ದಂತೆ.”

“ಯಾರ ಕೈಯಲ್ಲಿ?”

“ಯಾರೋ ಅವನ ಕಡೆಯವರು.”

ಆ ‘ಯಾರೋ’ ಎಂಬ ಎರಡಕ್ಷರ ನನಗೆ ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳಿನ ಹಾಗಾಯಿತು. ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ನಾನು ಆ ಊರಿಗೆ ಹೋದವಳಲ್ಲ, ಆ ಬಾಗಿಲು ದಾಟಿದವಳಲ್ಲ. ಆದರೂ ಆ ಮ್ಯೂಸಿಯಮ್ಮಿನ ಮೇಲೆ, ಅದಕ್ಕಿಂತ ಹೆಚ್ಚಾಗಿ ಅದು ಹೇಳುವ ಕಥೆಯನ್ನು ಹಾಗೇ ನಂಬಿ ಮನೆಗೆ ಬರುವ ನಮ್ಮ ಮೇಲೆ, ಒಂದು ಜಗಳ ಹೂಡಲೇಬೇಕೆಂದು ಈ ಬರಹ.

ಜಗಳಕ್ಕೆ ಮುಂಚೆ ಮೆಲಿಯೆಸ್‌ಗೆ ಸಲ್ಲಬೇಕಾದ್ದನ್ನು ಸಲ್ಲಿಸಿಬಿಡುತ್ತೇನೆ. ಆತ ದೊಡ್ಡ ಪ್ರತಿಭೆಯೇ ಹೌದು. ಮೂಲದಲ್ಲಿ ಇಂದ್ರಜಾಲದವನು. 1888ರಲ್ಲಿ ಪ್ಯಾರಿಸ್ಸಿನ ರಾಬೇರ್ ಉದೇನ್ ಎಂಬ ಜಾದೂ ರಂಗಮಂದಿರವನ್ನೇ ಕೊಂಡವನು. ಸಿನಿಮಾ ಎಂದರೆ ರೈಲು ಬರುವುದು, ಜನ ಕಾರ್ಖಾನೆಯಿಂದ ಹೊರಬೀಳುವುದು ಎಂದಿದ್ದ ಕಾಲದಲ್ಲಿ ಅದರೊಳಗೆ ಕನಸು ತುಂಬಬಹುದು ಎಂದು ಕಂಡವನು. ಕೊನೆಗಾಲಕ್ಕೆ ಕೈಯಲ್ಲಿ ಕಾಸಿಲ್ಲದೆ ಮೋಂಪರ್ನಾಸ್ ರೈಲು ನಿಲ್ದಾಣದಲ್ಲಿ ಆಟಿಕೆ, ಮಿಠಾಯಿ ಮಾರುತ್ತ ಕೂತವನು. ಅಂಥವನನ್ನು ಊರು ನೆನೆಯುವುದು ನ್ಯಾಯವೇ. ಪ್ಯಾರಿಸ್ಸಿನ ಬೆರ್ಸಿ ಎಂಬಲ್ಲಿ ಹಳೆಯ ಸಿನಿಮಾಗಳನ್ನು ಕಾಪಿಡುವ ‘ಸಿನೆಮಾಟೆಕ್ ಫ್ರಾನ್ಸೇಸ್’ ಎಂಬ ಭಂಡಾರವಿದೆ. ಅಲ್ಲಿ 2008ರಲ್ಲಿ ಆತನ ಬಗ್ಗೆ ದೊಡ್ಡ ಪ್ರದರ್ಶನ ಮಾಡಿದರು. ಅದಕ್ಕೆ ಇಟ್ಟ ಹೆಸರಿನಲ್ಲಿ ಆತ ‘ಸಿನಿಮಾದ ಮಾಂತ್ರಿಕ’. 2021ರ ಮೇ ತಿಂಗಳಲ್ಲಿ ಅದೇ ಕಟ್ಟಡದೊಳಗೆ ಆತನ ಹೆಸರಿನ ಮ್ಯೂಸಿಯಂ ತೆರೆದರು. ಅದರ ಹೆಸರಿನ ಬಾಲದಲ್ಲಿ ‘ಸಿನಿಮಾದ ಮಾಯೆ’. ಅಲ್ಲಿ ಈ ಚಂದ್ರಲೋಕದ ಸಿನಿಮಾಕ್ಕೆ ವಿಶೇಷ ಸ್ಥಾನ. ಅದರಿಂದ ಯಾವ ಯಾವ ದೊಡ್ಡ ನಿರ್ದೇಶಕರು ಏನೇನು ಕಲಿತರು ಎಂಬ ವಂಶಾವಳಿಯೂ ಉಂಟು. ಮಾರ್ಟಿನ್ ಸ್ಕಾರ್ಸೆಸಿ 2011ರಲ್ಲಿ ‘ಹ್ಯೂಗೋ’ ಎಂಬ ಸಿನಿಮಾ ಮಾಡಿ ಈ ಮೆಲಿಯೆಸ್‌ನನ್ನೇ ಪಾತ್ರವಾಗಿಸಿದ. ಅದಕ್ಕೆ ಐದು ಆಸ್ಕರ್ ಬಂತು.

ಬರಲಿ. ನನ್ನ ತಕರಾರಿರುವುದು ಆ ‘ಮಾಂತ್ರಿಕ’, ‘ಮಾಯೆ’ ಎಂಬ ಮಾತುಗಳ ಮೇಲೆ. ಮಾಯೆ ಎಂದುಬಿಟ್ಟರೆ ಕೆಲಸ ಮಾಡಿದವರ ಲೆಕ್ಕ ಕೇಳುವ ಹಾಗಿಲ್ಲ ನೋಡಿ. ನಮ್ಮ ಮನೆಗಳಲ್ಲಿ ‘ಕೈಗುಣ’ ಎನ್ನುವುದಿಲ್ಲವೇ? “ನಿನ್ನ ಸಾರಿಗೆ ಆ ರುಚಿ ಹೇಗೆ ಬರುತ್ತದೆಯೇ? ಕೈಗುಣ!” ಎಂದು ಬಾಯಿ ಚಪ್ಪರಿಸಿ ಎದ್ದು ಹೋಗುತ್ತಾರೆ. ಕೊತ್ತಂಬರಿ ಹುರಿದದ್ದು, ಒರಳಿನಲ್ಲಿ ರುಬ್ಬಿದ್ದು, ಬೆಳಗಿನ ಐದು ಗಂಟೆಯ ಎಚ್ಚರ, ಅದೆಲ್ಲ ಗುಣದ ಖಾತೆಗೆ ಜಮಾ. ಗುಣಕ್ಕೆ ಯಾರಾದರೂ ಸಂಬಳ ಕೊಡುತ್ತಾರೆಯೇ? ಗುಣಕ್ಕೆ ರಜೆ ಬೇಕೇ?

ಆ ಕೈಗಳು ಯಾರವು ಎಂದು ಹುಡುಕಿದೆ. ಸಿಕ್ಕವು. ಪ್ಯಾರಿಸ್ಸಿನ ರ್‍ಯೂ ದ್ಯು ಬಾಕ್ ಎಂಬ ಬೀದಿಯ 87ನೇ ನಂಬರಿನಲ್ಲಿ ಮೇಡಂ ತ್ವಿಲಿಯೆ ಎಂಬುವರ ಬಣ್ಣ ಹಾಕುವ ಕೆಲಸಮನೆ ಇತ್ತು. ಫೋಟೋಗಳಿಗೆ, ಮಾಯಾದೀಪದ ಗಾಜುಗಳಿಗೆ ಬಣ್ಣ ಹಾಕುತ್ತ ಪಳಗಿದ ಕುಟುಂಬ ಸಿನಿಮಾಕ್ಕೂ ಬಣ್ಣ ಹಾಕತೊಡಗಿತು. ಮೆಲಿಯೆಸ್‌ನ ಬಣ್ಣದ ಸಿನಿಮಾಗಳು ಹೊರಬಿದ್ದದ್ದು ಆ ಮನೆಯಿಂದ. 1929ರಲ್ಲಿ ಪತ್ರಿಕೆಯವರೊಬ್ಬರು ಹೋಗಿ ಮಾತಾಡಿಸಿದಾಗ ಮೇಡಂ ತ್ವಿಲಿಯೆ ಲೆಕ್ಕ ಒಪ್ಪಿಸಿದ್ದಾರೆ. ಅವರಲ್ಲಿ ಇನ್ನೂರಿಪ್ಪತ್ತು ಮಂದಿ ಕೆಲಸಗಾರ್ತಿಯರಿದ್ದರು. ರಾತ್ರಿಯೆಲ್ಲ ಕೂತು ಯಾವುದಕ್ಕೆ ಯಾವ ಬಣ್ಣವೆಂದು ಆರಿಸಿ ಮಾದರಿ ಮಾಡುವುದು ಇವರ ಪಾಲಿನದು. ಹಗಲು ಹುಡುಗಿಯರು ಅದರಂತೆ ಬಣ್ಣ ಇಡುತ್ತಿದ್ದರು. ಒಬ್ಬೊಬ್ಬಳಿಗೆ ಒಂದೇ ಬಣ್ಣ. ಕೆಂಪಿನವಳು ಕೆಂಪು ಇಟ್ಟು ಮುಗಿಸಿದ ಮೇಲೆ ಸುರುಳಿ ಹಳದಿಯವಳ ಮುಂದೆ ಹೋಗಬೇಕು. ಬಣ್ಣಗಳು ಇಪ್ಪತ್ತನ್ನೂ ದಾಟುತ್ತಿದ್ದವಂತೆ.

ಇದು ಎಂಥ ಕೆಲಸವೆಂದು ನನಗೆ ಸ್ವಲ್ಪ ಅಂದಾಜಿದೆ. ನಮ್ಮ ಅಜ್ಜಿಯದೊಂದು ಫೋಟೋ ಇದೆ. ಕಪ್ಪು ಬಿಳುಪಿನಲ್ಲಿ ತೆಗೆಸಿ ಆಮೇಲೆ ಬಣ್ಣ ಹಾಕಿಸಿದ್ದು. ಸೀರೆಗೆ ಹಸಿರು, ಹಣೆಗೆ ಕೆಂಪು, ಕೆನ್ನೆಗೆ ಒಂದಿಷ್ಟು ಗುಲಾಬಿ. “ನಾನು ಉಟ್ಟಿದ್ದು ನೀಲಿ. ಆ ಸ್ಟುಡಿಯೋದವನಿಗೆ ಹಸಿರು ಅಗ್ಗಕ್ಕೆ ಸಿಕ್ಕಿರಬೇಕು” ಎಂದು ಅಜ್ಜಿ ಸಾಯುವ ತನಕ ಗೊಣಗಿದಳು. ಆ ಒಂದು ಫೋಟೋಗೆ ಬಣ್ಣ ಹಾಕಲು ಒಂದಿಡೀ ಮಧ್ಯಾಹ್ನ ಹಿಡಿಯಿತಂತೆ. ಅದಾದರೂ ಅಂಗೈ ಅಗಲದ ಫೋಟೋ. ಸಿನಿಮಾ ರೀಲಿನ ಒಂದು ಚಿತ್ರ ಸಣ್ಣ ಅಂಚೆಚೀಟಿಯಷ್ಟು. ಅದರೊಳಗೆ ಆರು ಜನ ವಿಜ್ಞಾನಿಗಳು, ಅವರವರ ಕೊಡೆ, ಕೋಟು. ಅದರೊಳಗಿನ ಒಂದು ಕೋಟಿಗೆ ಕೆಂಪು ಇಡಬೇಕು, ಪಕ್ಕದವನಿಗೆ ತಾಗಬಾರದು. ಮುಂದಿನ ಚಿತ್ರದಲ್ಲಿ ಆ ಕೋಟು ಕೂದಲೆಳೆಯಷ್ಟು ಸರಿದಿರುತ್ತದೆ, ಮತ್ತೆ ಇಡಬೇಕು. ಈಗ ಉಳಿದಿರುವ ಬಣ್ಣದ ಪ್ರತಿಯಲ್ಲಿ ಅಂಥ ಚಿತ್ರಗಳು 13,375. ಒಂದು ಪ್ರತಿಗೆ. ಒಂದೊಂದು ಸಿನಿಮಾಕ್ಕೆ ಅರವತ್ತರಷ್ಟು ಪ್ರತಿ ಮಾಡುತ್ತಿದ್ದೆವೆಂದು ಮೇಡಂ ತ್ವಿಲಿಯೆ ಹೇಳಿದ್ದರು. ಈ ಸಿನಿಮಾಕ್ಕೂ ಅಷ್ಟೇ ಎಂದಿಟ್ಟುಕೊಂಡರೆ ಎಂಟು ಲಕ್ಷ ಚಿತ್ರ! ಆ ಬಣ್ಣವಾದರೂ ಅರಿಶಿನ ಕುಂಕುಮವಲ್ಲ, ಆಲ್ಕೋಹಾಲಿನಲ್ಲಿ ಕಲಸುವ ರಾಸಾಯನಿಕ ಬಣ್ಣ. ದಿನವಿಡೀ ಅದರ ವಾಸನೆ ಕುಡಿಯುತ್ತ, ಕತ್ತು ಬಗ್ಗಿಸಿ, ಕಣ್ಣು ಕಿರಿದು ಮಾಡಿಕೊಂಡು.

ಇದು ಮಾಯೆಯೇ? ನನ್ನ ಪ್ರಕಾರ ಇದು ಕೂಲಿ. ಒಳ್ಳೆಯ ಕೈಚಳಕ ಬೇಡುವ, ಕಣ್ಣು ತಿನ್ನುವ ಕೂಲಿ. ಹೆಂಗಸರನ್ನೇ ಯಾಕೆ ಕೂರಿಸಿದರು ಎಂದರೆ ಬೆರಳು ನಾಜೂಕು, ತಾಳ್ಮೆ ಜಾಸ್ತಿ ಎನ್ನುತ್ತಾರೆ. ಸಂಬಳ ಕಮ್ಮಿ ಎಂಬ ಮೂರನೆಯ ಗುಣವೂ ಹೆಂಗಸರಿಗಿತ್ತು. ಅದನ್ನು ಮಾತ್ರ ಮೆಲ್ಲನೆ ಹೇಳುತ್ತಾರೆ.

ಇನ್ನೊಂದು ಸಂಗತಿ ಓದಿದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಈ ‘ಮೇಡಂ ತ್ವಿಲಿಯೆ’ ಒಬ್ಬರಲ್ಲ, ಇಬ್ಬರು. ತಾಯಿ ಎಲಿಜಬೆತ್, ಮಗಳು ಬೆರ್ತ್. ತಾಯಿ 1907ರಲ್ಲೇ ತೀರಿಕೊಂಡಿದ್ದಳು. 1929ರಲ್ಲಿ ಪತ್ರಿಕೆಯವರ ಮುಂದೆ ಕೂತು ಲೆಕ್ಕ ಕೊಟ್ಟವಳು ಮಗಳು. ಆದರೆ ಸಿನಿಮಾ ಇತಿಹಾಸ ಬರೆದವರು ಎಷ್ಟೋ ಕಾಲ ಇಬ್ಬರನ್ನೂ ಕಲಸಿ ಒಬ್ಬಳೇ ಹೆಂಗಸು ಮಾಡಿಟ್ಟರು. ಮಗಳ ಮಾತನ್ನು ಸತ್ತ ತಾಯಿಯ ಬಾಯಲ್ಲಿ ಹಾಕಿದರು. ಎರಡು ಬದುಕನ್ನು ಒಂದು ಮಾಡಿದ್ದು ಇಷ್ಟು ದಿನ ಯಾರಿಗೂ ಗೊತ್ತೇ ಆಗಲಿಲ್ಲ! ಮೆಲಿಯೆಸ್‌ಗೂ ಅಣ್ಣನೊಬ್ಬನಿದ್ದ, ಗಾಸ್ತೋ ಎಂದು. ಅಮೆರಿಕೆಯ ವ್ಯವಹಾರ ನೋಡಿಕೊಳ್ಳುತ್ತಿದ್ದ. ಅವರಿಬ್ಬರನ್ನು ಯಾವ ಪಂಡಿತನೂ ಒಬ್ಬನೆಂದು ತಿಳಿದಿಲ್ಲ.

ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ಅಕ್ಕನ ಮಗಳು ಸುಮ್ಮನೆ ಒಪ್ಪಲಿಲ್ಲ. ಓದಿದ ಹುಡುಗಿ, ವಾದ ಮಾಡಬೇಕಾದ್ದೇ. “ಚಿಕ್ಕಮ್ಮ, ಒಂದು ಸಿನಿಮಾ ಅಂದ್ರೆ ನೂರಾರು ಜನ ಇರ್ತಾರೆ. ಎಲ್ಲರ ಹೆಸರಲ್ಲೂ ಮ್ಯೂಸಿಯಂ ಕಟ್ಟೋಕಾಗತ್ತಾ? ಆ ಕಾಲದಲ್ಲಿ ಸಿನಿಮಾದಲ್ಲಿ ಹೆಸರು ಹಾಕೋ ಪದ್ಧತಿಯೇ ಇರಲಿಲ್ಲ. ಮೆಲಿಯೆಸ್‌ ಹೆಸರೂ ತೆರೆ ಮೇಲೆ ಬರ್ತಿರಲಿಲ್ಲ” ಎಂದಳು.

ಸರಿಯಾದ ಮಾತೇ. ಹಾಗಾದರೆ ಮೆಲಿಯೆಸ್‌ ಹೆಸರು ಮತ್ತೆ ಬಂದದ್ದು ಹೇಗೆ? ಆಮೇಲಿನವರು ತಂದರು. ಆತ 1923ರಲ್ಲಿ ಬೇಸರದಿಂದ ತನ್ನ ರೀಲುಗಳನ್ನು ತಾನೇ ಸುಟ್ಟಿದ್ದ. ಜನ ಮರೆತೂ ಬಿಟ್ಟಿದ್ದರು. 1929ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನ ದೊಡ್ಡ ಸಭಾಂಗಣದಲ್ಲಿ ಸಿಕ್ಕ ಸಿನಿಮಾಗಳನ್ನು ತೋರಿಸಿ ಸನ್ಮಾನ ಮಾಡಿದರು. 1931ರಲ್ಲಿ ‘ಲೀಜನ್ ಆಫ್ ಆನರ್’ ಕೊಟ್ಟರು. ಬೆರ್ತ್‌ಳನ್ನು ಪತ್ರಿಕೆಯವರು ಹುಡುಕಿ ಮಾತಾಡಿಸಿದ್ದೂ ಅದೇ 1929ರಲ್ಲಿ. ಇಬ್ಬರೂ ಒಟ್ಟಿಗೇ ಬೆಳಕಿಗೆ ಬಂದರು. ಒಬ್ಬನಿಗೆ ಪದಕ ಸಿಕ್ಕಿತು, ಇನ್ನೊಬ್ಬಳು ಪತ್ರಿಕೆಯ ಒಂದು ಕಾಲಮ್ಮಿನಲ್ಲಿ ಮಡಿಸಿ ಉಳಿದುಬಿಟ್ಟಳು. ಪದ್ಧತಿ ಇರಲಿಲ್ಲ ಎಂಬ ನೆವ 1902ಕ್ಕೆ ಒಪ್ಪುತ್ತದೆ. ಆಮೇಲಿನ ನೂರು ವರ್ಷಕ್ಕೂ ಅದನ್ನೇ ಹೇಳಿದರೆ ಹೇಗೆ?

ಇನ್ನೊಂದು ಇದೆ. ಬಣ್ಣದ ಪ್ರತಿಗೆ ಬೆಲೆ ಬೇರೆ ಇತ್ತು. ಕಪ್ಪು ಬಿಳುಪಿನದಕ್ಕಿಂತ ಹೆಚ್ಚು. ಕೊಳ್ಳುವವರು ಬಣ್ಣಕ್ಕೆಂದೇ ಕಾಸು ಎಣಿಸಿ ಕೊಟ್ಟು ಒಯ್ಯುತ್ತಿದ್ದರು. ಎಂದರೆ ಬಿಲ್ಲು ಮಾಡುವಾಗ ಬಣ್ಣ ಬೇರೆ, ಸಿನಿಮಾ ಬೇರೆ. ಹಾರ ಹಾಕುವಾಗ ಮಾತ್ರ ಎಲ್ಲಾ ಒಂದೇ! ಈ ಲೆಕ್ಕ ನನಗೆ ಚೆನ್ನಾಗಿ ಗೊತ್ತು. ನಾನು ಪಾಠ ಹೇಳುತ್ತಿದ್ದ ಶಾಲೆಯಲ್ಲಿ ಪ್ರತಿ ವರ್ಷ ವಾರ್ಷಿಕೋತ್ಸವಕ್ಕೆ ನಾಟಕ ಆಡಿಸುತ್ತಿದ್ದೆವು. ನಾಲ್ವರು ಟೀಚರುಗಳು ತಿಂಗಳುಗಟ್ಟಲೆ ಶಾಲೆ ಬಿಟ್ಟ ಮೇಲೆ ಕೂತು ಕಿರೀಟಕ್ಕೆ ಬಣ್ಣದ ಕಾಗದ ಅಂಟಿಸಿದ್ದೇನು, ಹಳೆ ಸೀರೆ ಹರಿದು ರಾಜನಿಗೆ ನಿಲುವಂಗಿ ಹೊಲಿದದ್ದೇನು! ಕರೆಯೋಲೆಯಲ್ಲಿ ನಿರ್ದೇಶಕರ ಹೆಸರು ಡಿಗ್ರಿ ಸಮೇತ. ನಮ್ಮದು ಕೆಳಗೆ, ‘ವಸ್ತ್ರಾಲಂಕಾರ: ಶಿಕ್ಷಕಿಯರು’. ಹತ್ತೊಂಬತ್ತು ವರ್ಷ ನಾನು ‘ಶಿಕ್ಷಕಿಯರು’ ಆಗಿದ್ದೆ. ಬಹುವಚನಕ್ಕೆ ಶಾಲು ಹೊದೆಸಲು ಬರುವುದಿಲ್ಲವಲ್ಲ!

ಆ ಸಿನಿಮಾವನ್ನು ಇನ್ನೆರಡು ಸಲ ನೋಡಿದೆ. ಕಥೆಯೊಳಗೂ ಇದೇ ಕಥೆ. ಚಂದ್ರಲೋಕಕ್ಕೆ ಹೋಗುವವರು ಆರು ಜನ, ಆರೂ ಗಡ್ಡಮೀಸೆಯ ಪಂಡಿತರು. ಆ ಗುಂಡನ್ನು ತೋಪಿನೊಳಗೆ ನೂಕುವವರು ಮಾತ್ರ ನಾವಿಕರ ವೇಷದ, ತೊಡೆ ಕಾಣುವ ಚಡ್ಡಿಯ ಹುಡುಗಿಯರ ಸಾಲು. ಶಾಟ್ಲೆ ಎಂಬ ರಂಗಮಂದಿರದ ನರ್ತಕಿಯರು. ನೂಕಿದ ಮೇಲೆ ಟೋಪಿ ಬೀಸಿ ನಗುತ್ತ ನಿಲ್ಲಬೇಕು. ಅರ್ಧಚಂದ್ರದ ಮೇಲೆ ಕೂತ ದೇವಿಯಾಗಿ ಬ್ಲೆಯೆತ್ ಬೆರ್ನೋನ್ ಎಂಬಾಕೆ ಇದ್ದಾಳೆ. ಆಕೆಗೂ ಅಲ್ಲಿ ಕೂರುವುದೇ ಕೆಲಸ. ನೂಕುವವರು, ಬೀಸುವವರು, ಕೂರುವವರು. ಹೋಗುವವರು ಬೇರೆ. ಸಿನಿಮಾ ತಮಾಷೆಯದು ನಿಜ, ಪಂಡಿತರನ್ನೂ ಗೇಲಿ ಮಾಡುತ್ತದೆ. ಗೇಲಿಗೊಳಗಾಗಲಿಕ್ಕಾದರೂ ಮೊದಲು ಗುಂಡಿನೊಳಗೆ ಹತ್ತಬೇಕಲ್ಲ!

ಇದಕ್ಕಿಂತ ಹಳೆಯದೊಂದು ಸಿನಿಮಾ ಇದೆ ಮೆಲಿಯೆಸ್‌ನದು. 1896ರದು, ಒಂದು ನಿಮಿಷವೋ ಏನೋ. ರಂಗದ ಮೇಲೆ ವೃತ್ತಪತ್ರಿಕೆ ಹಾಸುತ್ತಾನೆ, ಕೆಳಗೆ ಕಳ್ಳಬಾಗಿಲಿಲ್ಲ ಎಂದು ತೋರಿಸಲು. ಅದರ ಮೇಲೆ ಕುರ್ಚಿ, ಕುರ್ಚಿಯ ಮೇಲೆ ಒಬ್ಬ ಹೆಂಗಸು. ಆಕೆಗೆ ಬಟ್ಟೆ ಹೊದೆಸಿ ತೆಗೆದರೆ ಹೆಂಗಸು ಮಾಯ. ಆಮೇಲೆ ಆಕೆಯ ಜಾಗದಲ್ಲಿ ಅಸ್ಥಿಪಂಜರ! ಕೊನೆಗೆ ಹೆಂಗಸನ್ನು ವಾಪಸು ತರುತ್ತಾನೆನ್ನಿ. ಮಾಡಿದ್ದು ಇಷ್ಟೇ. ಕ್ಯಾಮೆರಾ ನಿಲ್ಲಿಸಿದರು, ಹೆಂಗಸು ತನ್ನ ಕಾಲಿನ ಮೇಲೆ ಎದ್ದು ಪಕ್ಕಕ್ಕೆ ನಡೆದಳು, ಮತ್ತೆ ಕ್ಯಾಮೆರಾ ತಿರುಗಿಸಿದರು. ಆತನ ಮೊದಮೊದಲ ಸಿನಿಮಾ ಜಾದೂಗಳಲ್ಲಿ ಒಂದು, ಹೆಂಗಸನ್ನು ಮಾಯ ಮಾಡುವುದು!

ಹಾಗೆ ಮಾಯವಾದವಳು ಜೆಹಾನ್ ದಾಲ್ಸಿ. ಆತನ ರಂಗಮಂದಿರದ ನಟಿ, ಎಷ್ಟೋ ಸಿನಿಮಾಗಳಲ್ಲಿ ಇದ್ದವಳು. ಮೆಲಿಯೆಸ್ ದಿವಾಳಿಯಾದ ಮೇಲೆ 1925ರಲ್ಲಿ ಇಬ್ಬರೂ ಮದುವೆಯಾದರು. ರೈಲು ನಿಲ್ದಾಣದಲ್ಲಿ ಆಟಿಕೆ ಅಂಗಡಿ ಇಟ್ಟುಕೊಂಡ ಬಡ ಮಾಂತ್ರಿಕ ಎಂದು ಜಗತ್ತೆಲ್ಲ ಕಣ್ಣೀರು ಹಾಕುತ್ತದಲ್ಲ, ಆ ಅಂಗಡಿ ಮೂಲದಲ್ಲಿ ಆಕೆಯದು! ಎಲ್ಲವನ್ನೂ ಕಳೆದುಕೊಂಡು ಬಂದ ಗಂಡಸಿಗೆ ತನ್ನ ಅಂಗಡಿಯಲ್ಲಿ ಕುರ್ಚಿ ಹಾಕಿಕೊಟ್ಟವಳ ಕಥೆ ಎಂದೂ ಅದನ್ನು ಹೇಳಬಹುದಿತ್ತು. ಯಾರೂ ಹೇಳಲಿಲ್ಲ.

ಆಮೇಲೆ ಆ ಮೊಮ್ಮಗಳು. ಮದ್ಲೆನ್ ಮಾಲ್ತೆತ್ ಮೆಲಿಯೆಸ್, 1923ರಲ್ಲಿ ಹುಟ್ಟಿದವಳು. ತಾಯಿ ಚಿಕ್ಕಂದಿನಲ್ಲೇ ತೀರಿಕೊಂಡು ಈ ತಾತನ, ಜೆಹಾನ್‌ಳ ಜೊತೆ ಬೆಳೆದಳು. ಯುದ್ಧದ ವರ್ಷಗಳಲ್ಲಿ ಅದೇ ಸಿನೆಮಾಟೆಕ್‌ನಲ್ಲಿ ಕಾರ್ಯದರ್ಶಿಯಾಗಿ ಕೆಲಸ ಮಾಡಿದಳು. ಆಮೇಲೆ ಹತ್ತಾರು ವರ್ಷ ದೇಶ ದೇಶ ತಿರುಗಿ ತಾತನ ಕಳೆದುಹೋದ ಸಿನಿಮಾಗಳನ್ನು ಒಂದೊಂದಾಗಿ ಹೆಕ್ಕಿ ತಂದಳು. ಆತ ಮಾಡಿದ ಐನೂರು ಚಿಲ್ಲರೆ ಸಿನಿಮಾಗಳಲ್ಲಿ ಇವತ್ತು ಇನ್ನೂರಕ್ಕೂ ಹೆಚ್ಚು ನೋಡಲು ಸಿಗುತ್ತವೆಂದರೆ ಅದರ ಹಿಂದೆ ಈ ಹೆಂಗಸಿನ ಕಾಲುಗಳಿವೆ. 2018ರಲ್ಲಿ ತೀರಿಕೊಂಡಳು, ಮ್ಯೂಸಿಯಂ ತೆರೆಯುವುದಕ್ಕೆ ಮೂರು ವರ್ಷ ಮೊದಲು. ಅಲ್ಲಿ ಇಟ್ಟಿರುವ ಎಷ್ಟೋ ವಸ್ತು ಆಕೆ ಕೂಡಿಟ್ಟಿದ್ದು. ತಾತ ಸುಟ್ಟದ್ದನ್ನು ಮೊಮ್ಮಗಳು ಹೆಕ್ಕಿದಳು. ಬೆಂಕಿ ಹಾಕಿದ್ದು ಪ್ರತಿಭಾವಂತನ ನೋವು ಎಂದು ಪ್ರತಿ ಪುಸ್ತಕದಲ್ಲೂ ಇದೆ. ಹೆಕ್ಕಿದ್ದು ಮಾತ್ರ ‘ಕುಟುಂಬದವರ ಸಹಕಾರ’.

ಆ ಬಣ್ಣದ ಪ್ರತಿ ನಮ್ಮ ಕಣ್ಣಿಗೆ ಬಿದ್ದ ಕಥೆಯೂ ಸ್ವಾರಸ್ಯದ್ದೇ. ಚಂದ್ರಲೋಕದ ಬಣ್ಣದ ಪ್ರತಿ ಎಲ್ಲಿಯೂ ಉಳಿದಿಲ್ಲ ಎಂದೇ ತಿಳಿದಿದ್ದರು. 1993ರಲ್ಲಿ ಬಾರ್ಸಿಲೋನಾದ ಸಿನಿಮಾ ಭಂಡಾರಕ್ಕೆ ಯಾರೋ ಹೆಸರು ಹೇಳದ ದಾನಿ ಕೊಟ್ಟ ಡಬ್ಬಿಗಳಲ್ಲಿ ಅದು ಸಿಕ್ಕಿತು. ರೀಲು ಅಂಟಿಕೊಂಡು ಒಂದೇ ಮುದ್ದೆ. ಅದನ್ನು ಸ್ವಲ್ಪ ಸ್ವಲ್ಪವೇ ಬಿಡಿಸಿ, ವರ್ಷಗಟ್ಟಲೆ ದುರಸ್ತಿ ಮಾಡಿ, 2011ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದಲ್ಲಿ ತೋರಿಸಿದರು. ಆ ಪ್ರತಿಯಲ್ಲಿ ಒಂದು ಕಡೆ ಬಾವುಟಕ್ಕೆ ಸ್ಪೇನ್ ದೇಶದ ಕೆಂಪು ಹಳದಿ ಹಾಕಿದೆ. ಸ್ಪೇನಿನ ಗಿರಾಕಿಗಾಗಿ ಮಾಡಿದ್ದಿರಬೇಕು. ನೋಡಿ, ಬಣ್ಣ ಇಡಲು ಕೂತ ಹುಡುಗಿ ಈ ಸುರುಳಿ ಯಾವ ದೇಶಕ್ಕೆ ಹೋಗುತ್ತದೆ ಎಂದು ತಿಳಿದು ಬಣ್ಣ ಬದಲಿಸುತ್ತಿದ್ದಳು! ಇದಕ್ಕೆ ಬುದ್ಧಿ ಎನ್ನುತ್ತೀರೋ, ಬರೀ ನಾಜೂಕು ಬೆರಳು ಎನ್ನುತ್ತೀರೋ?

ಮೂರನೆಯ ಸಲ ನೋಡುವಾಗ ನಾನು ಕಥೆ ಬಿಟ್ಟು ಬಣ್ಣವನ್ನಷ್ಟೇ ನೋಡಿದೆ. ಬಣ್ಣ ನಿಂತಲ್ಲಿ ನಿಲ್ಲುವುದಿಲ್ಲ, ನಡುಗುತ್ತದೆ. ಅಲ್ಲಲ್ಲಿ ಗೆರೆ ದಾಟಿ ಆಚೆ ಚೆಲ್ಲುತ್ತದೆ. ಮರುಕ್ಷಣ ಸರಿಯಾಗುತ್ತದೆ. ಆ ಚೆಲ್ಲಿದ ಕ್ಷಣದಲ್ಲಿ ಹಳದಿಯವಳೊಬ್ಬಳಿಗೆ ಕತ್ತು ನೋಯುತ್ತಿತ್ತೋ, ಪಕ್ಕದವಳು ಏನಾದರೂ ಹೇಳಿ ನಗಿಸಿದಳೋ, ಸಂಜೆಯಾಗಿ ಬೆಳಕು ಕಮ್ಮಿಯಾಗಿತ್ತೋ. ನನಗೆ ಆ ಸಿನಿಮಾದಲ್ಲಿ ಕಂಡ ಜೀವವೆಲ್ಲ ಆ ಚೆಲ್ಲಿದ ಜಾಗದಲ್ಲಿತ್ತು. ಚಂದ್ರನ ಕಣ್ಣಿಗೆ ನೆಟ್ಟ ಗುಂಡನ್ನು ಜಗತ್ತು ನೂರಿಪ್ಪತ್ತು ವರ್ಷ ನೋಡಿದೆ. ಸ್ವಲ್ಪ ಇದನ್ನೂ ನೋಡಲಿ.

ನನ್ನ ಬೇಡಿಕೆ ದೊಡ್ಡದೇನಲ್ಲ. ಒಳಗೆ ಎಲ್ಲೋ ಗಾಜಿನ ಪೆಟ್ಟಿಗೆಯ ಕೆಳಗೆ ಸಣ್ಣ ಅಕ್ಷರದಲ್ಲಿ ತ್ವಿಲಿಯೆ ಎಂದು ಬರೆದಿದ್ದರೆ ಅದು ನನಗೆ ಸಾಲದು. ಬಾಗಿಲ ಮೇಲೆ ಬರಲಿ. ಮೆಲಿಯೆಸ್‌ ಹೆಸರು ಅಳಿಸಬೇಡಿ, ಅದರ ಪಕ್ಕ ಎಲಿಜಬೆತ್, ಬೆರ್ತ್ ಎಂದು ಎರಡು ಹೆಸರು ಅದೇ ಅಳತೆಯಲ್ಲಿ ಇರಲಿ. ಕೆಲಸಗಾರ್ತಿಯರ ಹೆಸರು ಸಿಗುವುದಿಲ್ಲವಾದರೆ ಒಂದು ಗೋಡೆಯ ಮೇಲೆ ಇನ್ನೂರಿಪ್ಪತ್ತು ಕುಂಚಗಳನ್ನು ಸಾಲಾಗಿ ನೇತುಹಾಕಲಿ. ಮಕ್ಕಳನ್ನು ಕರೆದುಕೊಂಡು ಬರುವ ತಾಯಂದಿರು ಎಣಿಸಿ ತೋರಿಸಲಿ. ಆ ‘ಮಾಯೆ’ ಎಂಬ ಬಾಲವನ್ನು ಕತ್ತರಿಸಿದರೆ ಇನ್ನೂ ಒಳ್ಳೆಯದು.

ಅಕ್ಕನ ಮಗಳಿಗೆ ಮುಂದಿನ ವರ್ಷ ಮತ್ತೆ ಅದೇ ಊರಿಗೆ ಹೋಗುವ ಕೆಲಸವಿದೆಯಂತೆ. “ಏನು ತರಲಿ ಚಿಕ್ಕಮ್ಮ?” ಎಂದು ಕೇಳಿದಳು. ಸೆಂಟು ಬೇಡ, ಚಾಕಲೇಟಂತೂ ಬೇಡವೇ ಬೇಡ ಎಂದೆ. ರ್‍ಯೂ ದ್ಯು ಬಾಕ್‌ನ 87ನೇ ನಂಬರಿನ ಮುಂದೆ ಹೋಗಿ ನಿಂತು, ಬಾಗಿಲ ಬಳಿ ಅವರ ಹೆಸರಿನ ಫಲಕ ಏನಾದರೂ ಇದೆಯೋ ನೋಡಿಕೊಂಡು ಬಾ. ಇದ್ದರೆ ಒಂದು ಫೋಟೋ ತೆಗೆದುಕೊಂಡು ಬಾ. ಇಲ್ಲದಿದ್ದರೆ ಆ ಗೋಡೆಯದೇ ತೆಗೆದುಕೊಂಡು ಬಾ ಎಂದಿದ್ದೇನೆ.